ಕಮಲ ಸರಿಯಂತೆ, ಕಮಲಮ್ಮ ತಪ್ಪಂತೆ!

(ಕನ್ನಡ ಯುವಕರ ಭಾನುವಾರದ ಕಂಪ್ಯೂಟರ್ ತರಗತಿಯಲ್ಲಿ ಆಡಿದ ಮಾತು)



"ವೆಬ್‌ಸೈಟ್ ಕಟ್ಟೋಕೆ ನಾಲ್ಕಾರು ಕಂಪ್ಯೂಟರ್ ಭಾಷೆ ಬೇಕು, ಕನ್ನಡ ಮೀಡಿಯಂನವರಿಗೆ ಆಗದ ಕೆಲಸ" ಎಂದು ಹೆದರಿಸುವವರು ಬಹಳ. ಹೆದರಬೇಡಿ. ಮೊದಲು ಪೈಥಾನ್ ಒಂದನ್ನು ಗಟ್ಟಿಯಾಗಿ ಹಿಡಿಯಿರಿ. 1991ರಲ್ಲಿ ಗೈಡೊ ವಾನ್ ರಾಸಮ್ ಹೊರತಂದ ಈ ಭಾಷೆಗೆ ನಯಾಪೈಸೆ ಕೊಡಬೇಕಿಲ್ಲ.

ಬ್ರೌಸರ್‌ಗೆ ಬೇಕಾದದ್ದು ಎಚ್‌ಟಿಎಂಎಲ್, ಸಿಎಸ್‌ಎಸ್, ಜಾವಾಸ್ಕ್ರಿಪ್ಟ್. ನೀವು ಪೈಥಾನ್‌ನಲ್ಲಿ ಬರೆದ ಪುಟವನ್ನು ರಿಫ್ಲೆಕ್ಸ್‌ನಂಥ ಸಲಕರಣೆ ಆ ರೂಪಕ್ಕೆ ತಿರುಗಿಸುತ್ತದೆ. ಮುಂದಿನ ಪುಟ, ಹಿಂದಿನ ಲೆಕ್ಕ, ಎರಡೂ ಒಂದೇ ಭಾಷೆಯಲ್ಲಿ! ಸ್ವಲ್ಪ ಎಚ್‌ಟಿಎಂಎಲ್ ಕಲಿಯಲು ಸಿದ್ಧರಿದ್ದರೆ ಜಾಂಗೊ ಇದೆ. ಅಮೆರಿಕದ ಕಾನ್ಸಾಸ್‌ನ ಒಂದು ಊರಿನ ದಿನಪತ್ರಿಕೆ ಕಚೇರಿಯಲ್ಲಿ ಹುಟ್ಟಿ, 2005ರಲ್ಲಿ ಎಲ್ಲರ ಕೈಗೆ ಬಂತು. ಡೇಟಾಬೇಸ್, ಲಾಗಿನ್ ಎಲ್ಲಕ್ಕೂ ಅದರಲ್ಲೇ ದಾರಿಯಿದೆ.

ಈಗ ನನ್ನದೇ ಪಾಡು ಕೇಳಿ. ನಾನು ಕಟ್ಟಿದ ಮೊದಲ ಅರ್ಜಿಪುಟದಲ್ಲಿ ಅಮ್ಮನ ಹೆಸರನ್ನು ಕನ್ನಡದಲ್ಲಿ ಹೊಡೆದೆ: ಕಮಲಮ್ಮ. 'ಅಕ್ಷರ ಮಾತ್ರ ಬರೆಯಿರಿ' ಎಂದಿತು! ಕಮಲ ಎಂದೆ, ತೆಪ್ಪಗೆ ಒಪ್ಪಿತು. ಹೆಸರಿನಲ್ಲಿ ಬರೀ ಅಕ್ಷರವೇ ಇದೆಯೇ ಎಂದು ನೋಡಲು ನಾನು 'ಈಸ್‌ಆಲ್ಫಾ' ಬಳಸಿದ್ದೆ. ಯೂನಿಕೋಡ್ ಲೆಕ್ಕದಲ್ಲಿ ನಮ್ಮ ಗುಣಿತದ ಗುರುತುಗಳು, ಒತ್ತಕ್ಷರ ಕೂಡಿಸುವ ಗುರುತು ಅಕ್ಷರಗಳಲ್ಲ. ಅಕ್ಷರಕ್ಕೆ ಅಂಟುವ ಚಿಹ್ನೆಗಳು. 'ಮ್ಮ'ದೊಳಗೆ ಅಂಥದ್ದೊಂದು ಕೂತಿದೆ. 'ಕನ್ನಡ' ಎಂಬ ಪದವನ್ನೇ ಎಣಿಸಲು ಹೇಳಿ. ಕಣ್ಣಿಗೆ 3 ಅಕ್ಷರ, ಪೈಥಾನ್‌ಗೆ 5.

ಪೈಥಾನ್‌ನದು ತಪ್ಪಲ್ಲ, ನನ್ನದು. ಕನ್ನಡಿಗನಾದ ನನಗೇ ಹೊಳೆಯಲಿಲ್ಲ. ಕನ್ನಡ ಗೊತ್ತೇ ಇಲ್ಲದವನಿಗೆ ಹೊಳೆದೀತೇ? ನಾಮಫಲಕದಲ್ಲಿ ಕನ್ನಡ ಬೇಕೆಂದು ಕೂಗಿದರಷ್ಟೇ ಸಾಲದು. ಅರ್ಜಿಪುಟ ಕಟ್ಟುವ ಕೈಯೂ ನಮ್ಮದಾಗಬೇಕು.

2008ರಲ್ಲಿ ಬಂದ ಪೈಥಾನ್ 3 ನಮಗೆ ಬಾಗಿಲು ತೆರೆದಿದೆ. ಪ್ರೋಗ್ರಾಮಿನೊಳಗಿನ ಹೆಸರುಗಳನ್ನೂ 'ಊರು', 'ವಯಸ್ಸು' ಎಂದು ಕನ್ನಡದಲ್ಲೇ ಇಡಬಹುದು. ಇಫ್, ಫಾರ್‌ನಂಥ ಕೆಲವು ಪದ ಮಾತ್ರ ಇಂಗ್ಲಿಷ್. ಜಾಂಗೊದ ಭಾಷೆ ಸೂಚಿಸುವ ಸಾಲಿನಲ್ಲಿ ಕೆ, ಎನ್ ಎಂದು ಕೊಡಿ. ಅನುವಾದವಾದಷ್ಟು ಭಾಗ ಕನ್ನಡದಲ್ಲೇ ಮಾತಾಡುತ್ತದೆ. ಉಳಿದದ್ದನ್ನು ಅನುವಾದಿಸಲು ಯಾರು ಬರಬೇಕು? ನಾವೇ!

ಮುಂದಿನ ಭಾನುವಾರಕ್ಕೆ ಮನೆಗೆಲಸ ಇದು. ಹೆಸರು, ಊರು ಕೇಳುವ ಒಂದು ಪುಟ ಕಟ್ಟಿ ತನ್ನಿ. ಕಮಲಮ್ಮ, ಕೃಷ್ಣಪ್ಪ, ಲಕ್ಷ್ಮಿ, ಮೂವರನ್ನೂ ಅದು ಬರಮಾಡಿಕೊಳ್ಳಬೇಕು. ಅಲ್ಲಿಯವರೆಗೆ ಕೀಬೋರ್ಡ್ ಬಿಟ್ಟು ಏಳಬೇಡಿ.