ಕಪ್ಪತಗುಡ್ಡದ ಸುತ್ತು

(ಅಲಖನೂರಿನಲ್ಲಿ ಶ್ರಾವಣ ಮಾಸದ ಪ್ರವಚನ)



ನಿನ್ನೆ ಪ್ರವಚನ ಮುಗಿದು ಮಂಗಳಾರತಿಯಾದ ಮೇಲೆ ಜಾತ್ರಾ ಕಮಿಟಿಯ ಹಿರಿಯರು ನಮ್ಮಲ್ಲಿಗೆ ಬಂದರು. ಸ್ವಲ್ಪ ಹೊತ್ತು ಸುಮ್ಮನೆ ಕುಳಿತು, ಆಮೇಲೆ ಒಬ್ಬರು ಬಾಯಿ ಬಿಟ್ಟರು: "ಅಪ್ಪಾರ, ಈ ವರ್ಷ ಅಡ್ಡಪಲ್ಲಕ್ಕಿ ಬ್ಯಾಡ ಅಂದೀರಂತ. ಊರಾಗ ಮಂದಿ ಒಂದೊಂದ ಮಾತಾಡಾಕ ಹತ್ಯಾರ. ನಮ್ಮಿಂದ ಏನರ ತಪ್ಪ ಆಗೇತೇನ್ರಿ?" ಪಲ್ಲಕ್ಕಿಗೆ ಹೆಗಲು ಕೊಡುವ ಮನೆತನದ ಹುಡುಗನೊಬ್ಬ ಬಾಗಿಲ ಮರೆಯಲ್ಲಿ ನಿಂತಿದ್ದ. ಅವನ ಕಣ್ಣಲ್ಲಿ ನೀರಿತ್ತು. "ತಪ್ಪು ನಿಮ್ಮದಲ್ಲ, ನಮ್ಮದು. ನಾಳೆ ಎಲ್ಲರ ಮುಂದೆ ಹೇಳುತ್ತೇವೆ" ಎಂದು ಕಳುಹಿಸಿಕೊಟ್ಟೆವು. ಆದ್ದರಿಂದ ಇಂದಿನ ವಿಷಯವನ್ನು ನಾಳೆಗೆ ಇರಿಸಿ, ಕಳೆದ ಕಾರ್ತಿಕದಲ್ಲಿ ನಾವು ಕಪ್ಪತಗುಡ್ಡ ಸುತ್ತಿ ಬಂದ ಸಂಗತಿಯನ್ನು ಹೇಳುತ್ತೇವೆ. ನಿಮ್ಮೂರಿನ ಇಪ್ಪತ್ತು ಮಂದಿ ಜತೆಗಿದ್ದರು. ಅವರಲ್ಲಿ ಕೆಲವರು ಇಲ್ಲೇ ಮುಂದೆ ಕುಳಿತು ನಗುತ್ತಿದ್ದಾರೆ. ನಗಲಿ.

"ಎಪ್ಪತ್ತು ಗಿರಿ ನೋಡುವುದಕ್ಕಿಂತ ಕಪ್ಪತಗಿರಿ ನೋಡು" ಎಂಬ ಮಾತನ್ನು ನೀವೆಲ್ಲ ಕೇಳಿದ್ದೀರಿ. ಗದಗ ಪಟ್ಟಣದಿಂದ ದಕ್ಷಿಣಕ್ಕೆ ಗಾಡಿಯಲ್ಲಿ ಒಂದು ತಾಸು ಹೋದರೆ ಡೋಣಿ ಎಂಬ ಊರು. ಅಲ್ಲಿಯ ತನಕ ನಮ್ಮ ಕಡೆಯಂತೆಯೇ ಎರೆಹೊಲ. ಅಲ್ಲಿಂದ ಮುಂದೆ ಗುಡ್ಡದ ಸಾಲು ಏಳುತ್ತದೆ. ಗದಗ, ಮುಂಡರಗಿ, ಶಿರಹಟ್ಟಿ ಸೀಮೆಗಳಲ್ಲಿ ಹಬ್ಬಿಕೊಂಡಿದೆ. ಅರಣ್ಯ ಇಲಾಖೆಯವರ ಅಪ್ಪಣೆ ಪಡೆದು, ದಾರಿ ಬಲ್ಲ ಒಬ್ಬ ಕಾವಲುಗಾರನನ್ನು ಮುಂದೆ ಮಾಡಿಕೊಂಡು, ಸೂರ್ಯೋದಯದ ಹೊತ್ತಿಗೆ ಹತ್ತಲು ಹಿಡಿದೆವು. ಹತ್ತಿದ ದಾರಿಯಲ್ಲೇ ಇಳಿಯುವುದಲ್ಲ. ಕಪ್ಪತಮಲ್ಲಯ್ಯನ ದರ್ಶನ ಮಾಡಿ, ನೆತ್ತಿಯ ಗಾಳಿಗುಂಡಿ ಬಸವಣ್ಣನವರೆಗೆ ಏರಿ, ಬೇರೊಂದು ಇಳುಕಲಿನಿಂದ ಇಳಿದು ಹೊರಟಲ್ಲಿಗೇ ಬಂದು ಸೇರುವುದು. ಒಂದು ಪ್ರದಕ್ಷಿಣೆ ಎನ್ನಿರಿ.

ನಮ್ಮ ಸೀಮೆಯ ತಾಯಂದಿರಿಗೆ ಅಡವಿ ಎಂದರೆ ಅದೇ ಮೊದಲು. ಇಲ್ಲಿ ಎತ್ತ ನೋಡಿದರತ್ತ ಕಬ್ಬು. ಬದುವಿನ ಮೇಲಿನ ಬೇವು, ಬನ್ನಿ, ಜಾಲಿಗಳನ್ನು ನೆರಳು ಬೀಳುತ್ತದೆಂದು ಕಡಿದು ಹಾಕಿದೆವು. ನೀರು ಸಿಕ್ಕಿತೆಂದು ಹಗಲಿರುಳು ಹಾಯಿಸಿ ಎಷ್ಟೋ ಭೂಮಿಯನ್ನು ಸವಳು ಮಾಡಿದೆವು. ಅಲ್ಲಿ ಎದೆಮಟ್ಟ ಬಾದೆಹುಲ್ಲು. ಮೈಗೆ ಸವರಿದರೆ ಘಮ್ಮೆನ್ನುತ್ತದೆ. ಬೇಸಿಗೆಯಲ್ಲಿ ಅದಕ್ಕೆ ಒಂದು ಬೀಡಿಯ ಕಿಡಿ ಸಾಕು, ಗುಡ್ಡಕ್ಕೆ ಗುಡ್ಡವೇ ಉರಿಯುತ್ತದೆ ಎಂದು ಕಾವಲುಗಾರ ಹೇಳಿದ. ನಮ್ಮವರಲ್ಲಿ ಇಬ್ಬರು ಮೆಲ್ಲನೆ ಕಿಸೆ ಮುಟ್ಟಿ ನೋಡಿಕೊಂಡದ್ದನ್ನು ನಾವು ಕಂಡೆವು. ದಿಂಡಲ ಮರಗಳು, ಕವಳಿಯ ಪೊದೆ, ಬಾರಿಯ ಕಂಟಿ, ಅವುಗಳ ಮೇಲೆ ಹಬ್ಬಿದ ಅಮೃತಬಳ್ಳಿ. ಒಂದು ಬಳ್ಳಿಯ ಎಲೆ ಕೊಟ್ಟು ಅಗಿಯಿರೆಂದ. ಅಗಿದ ಮೇಲೆ ಬಾಯಿಗೆ ಸಕ್ಕರೆ ಹಾಕಿಕೊಂಡರೆ ಮಣ್ಣು ತಿಂದಂತಾಯಿತು. ಮಧುನಾಶಿನಿ ಎಂಬ ಹೆಸರನ್ನು ನಾವು ಪಾಠಶಾಲೆಯಲ್ಲಿ ಕಲಿತಿದ್ದೆವು. ಅದರ ಅರ್ಥವನ್ನು ನಾಲಿಗೆ ಕಲಿತದ್ದು ಅಂದು.

ಈ ಗುಡ್ಡದ ಹೊಟ್ಟೆಯಲ್ಲಿ ಬಂಗಾರವಿದೆ, ಕಬ್ಬಿಣವಿದೆ. ಹಳ್ಳದ ಮರಳು ತೊಳೆದು ಬಂಗಾರದ ಕಣ ಆಯುವ ಜನ ಹಿಂದೆ ಇಲ್ಲಿದ್ದರು. ರಾಬರ್ಟ್ ಬ್ರೂಸ್ ಫೂಟ್ ಎಂಬ ಭೂವಿಜ್ಞಾನಿ 1874ರಲ್ಲಿಯೇ ಇಲ್ಲಿಯ ಬಂಗಾರದ ಕಲ್ಲುಗಳ ಬಗ್ಗೆ ಬರೆದಿದ್ದಾನೆ. ಅಂದಿನಿಂದ ಗುಡ್ಡದ ಮೇಲೆ ಕಣ್ಣು ತಪ್ಪಿಲ್ಲ. 2015ರ ಕೊನೆಗೆ ಇದನ್ನು ಸಂರಕ್ಷಿತ ಪ್ರದೇಶವೆಂದು ಸಾರಿದ ಸರಕಾರ, 2016ರ ನವೆಂಬರಿನಲ್ಲಿ ಆ ಆದೇಶವನ್ನು ಹಿಂತೆಗೆದುಕೊಂಡಿತು. ಆಗ, 2017ರ ಫೆಬ್ರುವರಿಯಲ್ಲಿ, ಗದುಗಿನ ತೋಂಟದ ಸಿದ್ಧಲಿಂಗ ಮಹಾಸ್ವಾಮಿಗಳು ಮಠದಿಂದ ಹೊರಗೆ ಬಂದು ಜನರೊಡನೆ ಧರಣಿ ಕುಳಿತರು. ಏಪ್ರಿಲಿನಲ್ಲಿ ಆದೇಶ ಮರಳಿ ಬಂತು. 2019ರಲ್ಲಿ ಸುಮಾರು 244 ಚದರ ಕಿಲೋಮೀಟರು ವನ್ಯಜೀವಿಧಾಮವಾಯಿತು. ಅದನ್ನು ಕಣ್ಣಾರೆ ಕಾಣಲು ಪೂಜ್ಯರು ಇರಲಿಲ್ಲ, 2018ರಲ್ಲಿಯೇ ಲಿಂಗೈಕ್ಯರಾಗಿದ್ದರು. ಇಂದು ಅಲ್ಲಿ ಚಿರತೆ ಇದೆ, ತೋಳವಿದೆ, ಕತ್ತೆಕಿರುಬ ಇದೆ. ನಮಗೆ ಕಂಡದ್ದು ನವಿಲು ಮಾತ್ರ.

ಇನ್ನು ನಮ್ಮ ವಿಷಯ.

ಬಂಧುಗಳೇ, ನಮಗೆ ಸಕ್ಕರೆ ಬೇನೆ ಬಂದು ಒಂಬತ್ತು ವರ್ಷವಾಯಿತು. ಈ ಮಾತನ್ನು ಇದುವರೆಗೆ ಯಾವ ಸಭೆಯಲ್ಲಿಯೂ ನಾವು ಹೇಳಿಲ್ಲ. ದಿನಾ ಒಂದು ತಾಸು ನಡೆಯಿರೆಂದು ವೈದ್ಯರು ಹೇಳುತ್ತಲೇ ಇದ್ದರು. ನಾವು ಎಲ್ಲಿ ನಡೆಯಬೇಕು? ಮಠದ ಬಾಗಿಲಿಗೆ ಕಾರು ಬರುತ್ತದೆ, ನಿಮ್ಮ ಮನೆಯ ಬಾಗಿಲಿಗೆ ಇಳಿಸುತ್ತದೆ. ಇಳಿದರೆ ಪಾದಕ್ಕೆ ನೀರು, ಕಾಲ ಕೆಳಗೆ ಮಡಿಬಟ್ಟೆ. ಜಾತ್ರೆ ಬಂದರೆ ಪಲ್ಲಕ್ಕಿ. ಹೀಗೆ ಇಪ್ಪತ್ತು ವರ್ಷ ನಮ್ಮ ಕಾಲಿನ ಕೆಲಸವನ್ನು ನಿಮ್ಮ ಹೆಗಲು ಮಾಡಿತು.

ಆ ದಿನ ಬೆಳಗಿನ ಗುಳಿಗೆ ತೆಗೆದುಕೊಂಡೆವು. ಪೂಜೆಯ ಅವಸರದಲ್ಲಿ ಪ್ರಸಾದವನ್ನು ನೆಪಕ್ಕೆ ಮುಟ್ಟಿ ಹೊರಟೆವು. ಮಲ್ಲಯ್ಯನ ಗುಡಿಯವರೆಗೆ ಏನೂ ತೋರಲಿಲ್ಲ. ನೆತ್ತಿ ದಾಟಿ ಅರ್ಧ ಸುತ್ತು ಮುಗಿಯುವಾಗ ಮೈಯೆಲ್ಲ ಬೆವರಿತು. ಬಿಸಿಲಿಗೆ ಎಂದುಕೊಂಡೆವು. ಕೈ ನಡುಗಿತು. ನೋಡುವವರಿಗೆ ತಿಳಿಯಬಾರದೆಂದು ಒಂದು ಬಂಡೆಯ ಮೇಲೆ ಕುಳಿತು, "ಎಂಥ ರಮಣೀಯ ದೃಶ್ಯ! ಅಲ್ಲಿ ಡಂಬಳದ ಕೆರೆ ಕಾಣುತ್ತಿದೆ, ಈ ಗುಡ್ಡದ ಹಳ್ಳಗಳ ನೀರೇ ಅದಕ್ಕೆ ಆಧಾರ" ಎಂದು ಉಪದೇಶ ಮಾಡತೊಡಗಿದೆವು. ಕಣ್ಣಿಗೆ ಕೆರೆಯೂ ಕಾಣುತ್ತಿರಲಿಲ್ಲ, ಮಣ್ಣೂ ಕಾಣುತ್ತಿರಲಿಲ್ಲ.

ಎಲ್ಲರೂ ಕೈಮುಗಿದು ಕೇಳುತ್ತಿದ್ದರು. ಒಬ್ಬರು ಮಾತ್ರ ಕೇಳಲಿಲ್ಲ. ನಿಮ್ಮೂರಿನ ಒಬ್ಬ ಹಿರಿಯ ರೈತರು, ಎಪ್ಪತ್ತು ದಾಟಿದವರು, ಹನ್ನೊಂದು ಯುಗಾದಿಗೆ ಕಂಬಿಯ ಸಂಗಡ ನಡೆದು ಶ್ರೀಶೈಲ ಮುಟ್ಟಿದವರು. ನೇರವಾಗಿ ಬಂದು ನಮ್ಮ ಕೈ ಹಿಡಿದರು. "ಅಪ್ಪಾರ, ಮಾತ ಸಾಕ್ರಿ. ಬಾಯಿ ತಗೀರಿ" ಎಂದು, ಧೋತರದ ಗಂಟಿನಿಂದ ಬೆಲ್ಲದ ತುಣುಕು ತೆಗೆದು ನಮ್ಮ ಬಾಯಿಗೆ ಇಟ್ಟರು. ಒಂಬತ್ತು ವರ್ಷ ವರ್ಜ್ಯ ಮಾಡಿದ್ದ ಬೆಲ್ಲ, ನಿಮ್ಮ ಗಾಣದ್ದೇ. ಅವರ ಮನೆಯಲ್ಲಿಯೂ ಅದೇ ಬೇನೆಯವರಿದ್ದರಂತೆ, ಕಂಡ ಕೂಡಲೇ ಗುರುತು ಹಿಡಿದರು. ಸ್ವಲ್ಪ ಹೊತ್ತಿಗೆ ಕಣ್ಣು ತಿಳಿಯಾಯಿತು. ಆಮೇಲೆ ನಾಲ್ಕು ರೊಟ್ಟಿ ಇಕ್ಕಿಸಿ, ಉಣ್ಣುವವರೆಗೆ ಎದುರಿಗೇ ಕುಳಿತರು.

ಹುಡುಗರು ಅಷ್ಟರಲ್ಲಿ ಕಂಬಳಿಯನ್ನು ಎರಡು ಬಡಿಗೆಗೆ ಕಟ್ಟಿ ಜೋಳಿಗೆ ಮಾಡಿಬಿಟ್ಟಿದ್ದರು. "ಹೊತ್ತಕೊಂಡ ಇಳಸ್ತೀವ್ರಿ ಅಪ್ಪಾರ." ನಿಜ ಹೇಳುತ್ತೇವೆ, ನಮ್ಮ ಮನಸ್ಸು ಅದರೊಳಗೆ ಕುಳಿತುಬಿಟ್ಟಿತ್ತು. ಹಿಂದಕ್ಕೆ ಹೋದರೆ ಹತ್ತಿರವೇನೋ ಎಂದು ಕಾವಲುಗಾರನನ್ನು ಕೇಳಿದೆವು. "ನಡುಮಧ್ಯ ಅದೀವ್ರಿ. ಮುಂದೂ ಅಷ್ಟ, ಹಿಂದೂ ಅಷ್ಟ" ಎಂದ. ಆ ಹಿರಿಯರು ಜೋಳಿಗೆಯ ಕಡೆ ನೋಡಿ, "ಅದನ್ನ ಬಿಚ್ರಲೇ. ಬೇಕಾದ್ರ ಆಮ್ಯಾಲ ಕಟ್ಟಾಕ ಬರತೈತಿ. ಮೊದಲ ಅಪ್ಪಾರ ಹತ್ತ ಹೆಜ್ಜಿ ನಡದ ನೋಡ್ಲಿ" ಎಂದರು.

ನಡೆದೆವು. ಆ ಉಳಿದ ಅರ್ಧ ಸುತ್ತಿನಲ್ಲಿ ಅವರು ಗುರು, ನಾವು ಶಿಷ್ಯ. ಏರು ಬಂದಾಗ ಹೆಜ್ಜೆ ಸಣ್ಣದು ಮಾಡಿರಿ, ನಿಲ್ಲಬೇಡಿರಿ. ಮಾತಾಡಲು ಬರುವಷ್ಟೇ ವೇಗವಿರಲಿ. ನೀರಡಿಕೆ ಆಗುವ ಮೊದಲೇ ಗುಟುಕು ನೀರು. ಇಳುಕಲಿನಲ್ಲಿ ಮೊಳಕಾಲು ಬಿಗಿ ಹಿಡಿಯಬೇಡಿರಿ, ಬಡಿಗೆಯನ್ನು ಮುಂದೆ ಊರಿ ಆಮೇಲೆ ಕಾಲಿಡಿರಿ. ಮರಗಾಲು ಕಟ್ಟಿಕೊಂಡು ಶ್ರೀಶೈಲದ ದಾರಿ ನಡೆಯುವವರನ್ನು ಕಂಡ ಕಣ್ಣು ಅದು; ಪುಸ್ತಕದ ಮಾತು ಒಂದೂ ಇರಲಿಲ್ಲ.

ಅಲ್ಲಿ ನಮಗೆ ಪಾಠಶಾಲೆಯ ಒಂದು ದಿನ ನೆನಪಾಯಿತು. ಜಂಗಮ ಎಂಬ ಶಬ್ದ ಗಮ್ ಧಾತುವಿನಿಂದ ಬಂದದ್ದು. ಧಾತು ಇಮ್ಮಡಿಸಿದರೆ ಸಾಮಾನ್ಯವಾಗಿ 'ಮತ್ತೆ ಮತ್ತೆ' ಎಂಬ ಅರ್ಥ. ಆದರೆ ನಡೆಯುವ ಅರ್ಥದ ಧಾತುಗಳಿಗೆ ಪಾಣಿನಿ ಮಹರ್ಷಿ ಬೇರೆಯೇ ಒಂದು ನಿಯಮ ಹೇಳಿದ್ದಾನೆ: ಅಲ್ಲಿ ಅದು ವಕ್ರಗತಿ, ಸುತ್ತಿ ಬಳಸಿ ನಡೆಯುವುದು. "ಹಾಗಾದರೆ ಜಂಗಮ ಎಂದರೆ ಸೊಟ್ಟ ನಡೆಯುವವನೇ?" ಎಂದು ನಾವು ಕೇಳಿ ಗುರುಗಳಿಂದ ಏಟು ತಿಂದಿದ್ದೆವು. ಗುಡ್ಡದ ಕಾಲುದಾರಿ ಒಂದು ಮಾರು ಕೂಡ ನೆಟ್ಟಗೆ ಹೋಗುವುದಿಲ್ಲ. ಬಂಡೆಗೆ ಬಗ್ಗಿ, ಹಳ್ಳಕ್ಕೆ ಇಳಿದು, ಮರಕ್ಕೆ ಸುತ್ತಿ ಹೋಗುತ್ತದೆ. ಭಕ್ತರ ಮನೆಮನೆಗೆ ಹೋಗುವ ದಾರಿಯೂ ಹಾಗೆಯೇ ಅಲ್ಲವೇ? ನೆಟ್ಟಗೆ ಹೋಗುವುದು ಕಾರು. ಹೋಗದೆ ಕುಳಿತವನನ್ನು ಏನೆಂದು ಕರೆಯಬೇಕೋ, ವ್ಯಾಕರಣ ಬಲ್ಲವರು ಹೇಳಲಿ. ನಮಗಂತೂ ಆ ಹೊತ್ತು ನಾಚಿಕೆಯಾಯಿತು.

ಹೊತ್ತು ಇಳಿಯುವಾಗ ಕೆಳಗೆ ಬಂದೆವು. ಎರಡು ಉಗುರು ಕಪ್ಪಾಗಿದ್ದವು. ಅಂದಿನಿಂದ ದಿನಾ ಬೆಳಿಗ್ಗೆ ಮಠದ ಹೊಲದ ಸುತ್ತ ನಡೆಯುತ್ತಿದ್ದೇವೆ. ಬೆಲ್ಲದ ತುಣುಕು ಕಿಸೆಯಲ್ಲಿರುತ್ತದೆ, ನಡುಕ ಬಂದರೆ ಮಾತ್ರ ಬಾಯಿಗೆ. ನಿಮ್ಮಲ್ಲಿ ಈ ಬೇನೆ ಮುಚ್ಚಿಟ್ಟುಕೊಂಡವರು ಎಷ್ಟು ಮಂದಿ ಇದ್ದೀರೋ, ನಾಳೆ ಬಂದು ನಮಗೆ ಹೇಳಿರಿ.

ಈಗ ಪಲ್ಲಕ್ಕಿಯ ಮಾತು. ಆ ಹುಡುಗ ನಿನ್ನೆ ಹೋಗುವಾಗ, "ಅಪ್ಪಾರ, ನಮ್ಮ ಅಜ್ಜನ ಕಾಲದಿಂದ ಬಂದ ಸೇವಾ ತಪ್ಪಿಸಬ್ಯಾಡ್ರಿ" ಎಂದ. ಅವನ ಮಾತು ಇಡೀ ರಾತ್ರಿ ನಮ್ಮನ್ನು ಮಲಗಗೊಡಲಿಲ್ಲ. ಸೇವೆ ತಪ್ಪುವುದಿಲ್ಲ, ತಮ್ಮಾ. ಪಲ್ಲಕ್ಕಿ ಹೊರಡುತ್ತದೆ, ಅದರಲ್ಲಿ ವಚನಗ್ರಂಥಗಳು ಕುಳಿತುಕೊಳ್ಳಲಿ. ಹೆಗಲು ನಿಮ್ಮ ಮನೆತನದ್ದೇ. ನಾವು ನಿಮ್ಮ ಪಕ್ಕದಲ್ಲಿ ನಡೆಯುತ್ತೇವೆ. ಊರ ಸುತ್ತ ಎಲ್ಲ ಓಣಿಗಳಿಗೂ ಬರುತ್ತೇವೆ. ಕಿರಿದಾಗಿದೆಯೆಂದು ಪಲ್ಲಕ್ಕಿ ಇದುವರೆಗೆ ತಿರುಗದ ಓಣಿಗಳಿಗೂ. ಬೆಳಗಿನ ಆರಕ್ಕೆ ಹೊರಡುವುದು. ದಾರಿಗೆ ಮಡಿಬಟ್ಟೆ ಹಾಸಬೇಡಿರಿ. ಬೇಕಾದರೆ ಒಂದು ತಂಬಿಗೆ ನೀರು ತೆಗೆದುಕೊಂಡು ಬಾಗಿಲಲ್ಲಿ ನಿಂತಿರಿ.