ಮೊದಲು ಬಯಲು ಕೊಡೋಣ

ಹರೆಯದ ಮಕ್ಕಳಿರುವ ಮನೆಗಳಲ್ಲಿ ಈಗ ದಿನಕ್ಕೆ ಹತ್ತಾರು ಸಲ ಕೇಳಿಬರುವ ಮಾತೊಂದಿದೆ: "ಸಾಕು, ಮೊಬೈಲ್ ಕೆಳಗಿಡು." ಆ ಮಾತಿನಲ್ಲಿ ಸಿಟ್ಟಿರುತ್ತದೆ, ಸಿಟ್ಟಿನ ಹಿಂದೆ ಆತಂಕವೂ ಇರುತ್ತದೆ. ಮಗ ಮಾತು ಕಡಿಮೆ ಮಾಡಿದ್ದಾನೆ, ಮಗಳು ನಡುರಾತ್ರಿ ದಾಟಿದರೂ ಮಲಗುವುದಿಲ್ಲ, ಊಟದ ತಟ್ಟೆಯ ಪಕ್ಕದಲ್ಲೂ ಫೋನು ಬೇಕು, ಸಣ್ಣ ಮಾತಿಗೂ ರೇಗುತ್ತಾರೆ ಎಂಬುದು ಎಷ್ಟೋ ತಂದೆತಾಯಂದಿರ ಅಳಲು. ಆ ಅಳಲು ಸುಳ್ಳಲ್ಲ. ಆದರೆ ಫೋನು ಕೆಳಗಿಟ್ಟ ಮಗು ಆಮೇಲೆ ಏನು ಮಾಡಬೇಕು? ಎಲ್ಲಿಗೆ ಹೋಗಬೇಕು? ಇದಕ್ಕೆ ನಮ್ಮ ಬಳಿ ಉತ್ತರವಿದೆಯೇ? ಇಂದಿನ ಚಿಂತನ ಈ ಪ್ರಶ್ನೆಯ ಸುತ್ತ.

ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿ 2014ರಲ್ಲಿ 'ಷಟ್ ಕ್ಲಿನಿಕ್' ಎಂಬ ಚಿಕಿತ್ಸಾ ಸೇವೆ ಆರಂಭವಾಯಿತು. ಮೊಬೈಲ್, ಇಂಟರ್‌ನೆಟ್ ಮತ್ತು ಗೇಮ್‌ಗಳ ಬಳಕೆ ಕೈಮೀರಿ ಹೋದವರಿಗೆ ಹದ ಕಲಿಸುವುದಕ್ಕೆಂದೇ ದೇಶದಲ್ಲಿ ಶುರುವಾದ ಮೊದಲ ಪ್ರಯತ್ನಗಳಲ್ಲಿ ಅದೂ ಒಂದು. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಒಪ್ಪಿಕೊಂಡು, 2022ರ ಜನವರಿಯಿಂದ ಜಾರಿಗೆ ತಂದ ಕಾಯಿಲೆಗಳ ಹೊಸ ಪಟ್ಟಿಯಲ್ಲಿ ಗೇಮ್ ವ್ಯಸನಕ್ಕೂ ಜಾಗ ಸಿಕ್ಕಿತು. ಅದರ ಲಕ್ಷಣಗಳನ್ನು ಹೆತ್ತವರು ತಿಳಿದಿರಬೇಕು. ಆಟದ ಮೇಲೆ ಹಿಡಿತವೇ ತಪ್ಪಿಹೋಗುವುದು, ಓದು, ಊಟ, ಗೆಳೆಯರು ಎಲ್ಲಕ್ಕಿಂತ ಆಟವೇ ಮುಖ್ಯವಾಗುವುದು, ಹಾನಿ ಕಣ್ಣಿಗೆ ಕಾಣುತ್ತಿದ್ದರೂ ಬಿಡಲಾಗದಿರುವುದು. ಇದು ಸಾಮಾನ್ಯವಾಗಿ ಒಂದು ವರ್ಷದಷ್ಟು ಕಾಲ ಮುಂದುವರಿದರೆ ವೈದ್ಯರು ಅದನ್ನು ಕಾಯಿಲೆ ಎನ್ನುತ್ತಾರೆ. ಅಂದರೆ, ಫೋನು ಹಿಡಿದ ಪ್ರತಿಯೊಂದು ಮಗುವೂ ರೋಗಿಯಲ್ಲ.

ಇನ್ನೊಂದು ಸಂಗತಿಯನ್ನೂ ಪ್ರಾಮಾಣಿಕವಾಗಿ ಹೇಳಬೇಕು. ಮೂರೂವರೆ ಲಕ್ಷಕ್ಕೂ ಹೆಚ್ಚು ಹದಿಹರೆಯದವರ ಮಾಹಿತಿಯನ್ನು ಪರಿಶೀಲಿಸಿದ ಆಕ್ಸ್‌ಫರ್ಡ್ ಸಂಶೋಧಕರು 2019ರಲ್ಲಿ ಒಂದು ಲೆಕ್ಕ ಕೊಟ್ಟರು. ಮಕ್ಕಳ ನೆಮ್ಮದಿಯಲ್ಲಿ ಕಾಣುವ ಏರುಪೇರಿನಲ್ಲಿ ಡಿಜಿಟಲ್ ಸಾಧನಗಳ ಬಳಕೆಗೆ ತಳುಕು ಹಾಕಬಹುದಾದ ಪಾಲು ಹೆಚ್ಚೆಂದರೆ ಶೇಕಡ 0.4. ಇದು ಸರಾಸರಿ ಲೆಕ್ಕ. ನೊಂದ ಒಂದು ಮಗುವಿನ ಕಷ್ಟ ಸರಾಸರಿಯಲ್ಲಿ ಕಾಣುವುದಿಲ್ಲ, ಆದ್ದರಿಂದ ನಿಶ್ಚಿಂತೆಯಿಂದ ಕೂರುವಂತಿಲ್ಲ. ಆದರೂ ಈ ಲೆಕ್ಕ ನಮಗೆ ಒಂದು ದಾರಿ ತೋರಿಸುತ್ತದೆ. ಎಷ್ಟು ಗಂಟೆ ಫೋನು ನೋಡಿದರು ಎಂಬ ಲೆಕ್ಕದ ಜೊತೆಗೆ, ಆ ಗಂಟೆಗಳಲ್ಲಿ ಅವರ ಬದುಕಿನಿಂದ ಏನೇನು ಜಾರಿಹೋಯಿತು ಎಂಬುದನ್ನೂ ನೋಡಬೇಕು. ಹದಿನಾಲ್ಕರಿಂದ ಹದಿನೇಳು ವಯಸ್ಸಿನವರಿಗೆ ಎಂಟರಿಂದ ಹತ್ತು ಗಂಟೆ ನಿದ್ದೆ ಬೇಕು. ಐದರಿಂದ ಹದಿನೇಳರವರೆಗಿನ ಮಕ್ಕಳಿಗೆ ದಿನಕ್ಕೆ ಸರಾಸರಿ ಒಂದು ಗಂಟೆಯಾದರೂ ಮೈಬೆವರುವ ಆಟವೋ ಓಡಾಟವೋ ಬೇಕು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ನಿದ್ದೆ, ಬಿಸಿಲು, ಬೆವರು, ಜೊತೆಗಾರರು, ಈ ನಾಲ್ಕೂ ಇರುವ ಮಗುವಿನ ಕೈಯಲ್ಲಿ ಫೋನು ಒಂದು ಉಪಕರಣವಾಗಿ ಇರುತ್ತದೆ. ಈ ನಾಲ್ಕೂ ಇಲ್ಲದ ಮಗುವಿಗೆ ಅದೇ ಲೋಕವಾಗಿಬಿಡುತ್ತದೆ.

ಹೊರಗಿನ ಗಾಳಿ ಬೆಳಕು ಮನಸ್ಸಿಗೆ ಏನು ಮಾಡುತ್ತದೆ? ಮಿಷಿಗನ್ ವಿಶ್ವವಿದ್ಯಾಲಯದ ಮನಶ್ಶಾಸ್ತ್ರಜ್ಞ ದಂಪತಿ ರೇಚಲ್ ಮತ್ತು ಸ್ಟೀಫನ್ ಕಪ್ಲಾನ್ 1989ರಲ್ಲಿ ಒಂದು ವಿವರಣೆ ಕೊಟ್ಟರು. ಪಾಠ ಕೇಳುವಾಗ, ಲೆಕ್ಕ ಬಿಡಿಸುವಾಗ ನಾವು ಗಮನವನ್ನು ಬಲವಂತವಾಗಿ ಹಿಡಿದಿಡುತ್ತೇವೆ. ಆ ಶಕ್ತಿ ದಣಿಯುತ್ತದೆ. ದಣಿದಾಗ ರೇಗುತ್ತೇವೆ, ಅವಸರದ ತೀರ್ಮಾನ ಮಾಡುತ್ತೇವೆ. ಹರಿಯುವ ನೀರು, ಅಲುಗಾಡುವ ಎಲೆ, ಗೂಡು ಕಟ್ಟುವ ಹಕ್ಕಿ ಗಮನವನ್ನು ಸೆಳೆಯುತ್ತವೆ, ಆದರೆ ಹಿಡಿದು ಜಗ್ಗುವುದಿಲ್ಲ. ಅಲ್ಲಿ ದಣಿದ ಗಮನಕ್ಕೆ ವಿಶ್ರಾಂತಿ ಸಿಗುತ್ತದೆ. ಮೊಬೈಲ್‌ನಲ್ಲಿ ಒಂದರ ಹಿಂದೊಂದು ಓಡುವ ರೀಲ್ಸ್ ಕೂಡ ಗಮನ ಸೆಳೆಯುತ್ತವೆ, ಆದರೆ ಅವು ಬಿಡುವು ಕೊಡುವುದಿಲ್ಲ.

ಸ್ಟ್ಯಾನ್‌ಫರ್ಡ್‌ನ ಸಂಶೋಧಕರು 2015ರಲ್ಲಿ ಕೆಲವರನ್ನು ತೊಂಬತ್ತು ನಿಮಿಷ ಮರಗಿಡಗಳ ನಡುವೆ, ಇನ್ನು ಕೆಲವರನ್ನು ಅಷ್ಟೇ ಹೊತ್ತು ವಾಹನ ಗಿಜಿಗುಡುವ ರಸ್ತೆಯಲ್ಲಿ ನಡೆಸಿ ನೋಡಿದರು. ಮರಗಳ ನಡುವೆ ನಡೆದವರಲ್ಲಿ, ತಮ್ಮ ಬಗ್ಗೆ ಕಹಿ ಯೋಚನೆಗಳನ್ನೇ ಮತ್ತೆ ಮತ್ತೆ ಮೆಲುಕು ಹಾಕುವ ಚಾಳಿ ತಗ್ಗಿತ್ತು. ಅಂಥ ಯೋಚನೆಗೆ ಸಂಬಂಧಿಸಿದ ಮೆದುಳಿನ ಭಾಗದ ಚಟುವಟಿಕೆಯೂ ಇಳಿದಿತ್ತು. ರಸ್ತೆಯಲ್ಲಿ ನಡೆದವರಲ್ಲಿ ಹಾಗಾಗಲಿಲ್ಲ. ಡೆನ್ಮಾರ್ಕ್‌ನಲ್ಲಿ ಒಂಬತ್ತು ಲಕ್ಷಕ್ಕೂ ಹೆಚ್ಚು ಜನರ ದಾಖಲೆಗಳನ್ನು ನೋಡಿದ 2019ರ ಅಧ್ಯಯನ ಇನ್ನೂ ಗಂಭೀರವಾದದ್ದನ್ನು ಹೇಳುತ್ತದೆ. ಹಸಿರು ತೀರಾ ಕಡಿಮೆ ಇದ್ದ ಜಾಗಗಳಲ್ಲಿ ಬೆಳೆದ ಮಕ್ಕಳಿಗೆ ಮುಂದೆ ಮಾನಸಿಕ ಕಾಯಿಲೆ ಬರುವ ಸಂಭವ, ಹಸಿರು ಹೆಚ್ಚಿದ್ದ ಕಡೆ ಬೆಳೆದವರಿಗಿಂತ ಶೇಕಡ 55ರವರೆಗೂ ಹೆಚ್ಚಿತ್ತು. ಕುಟುಂಬದ ಆರ್ಥಿಕ ಸ್ಥಿತಿ, ಮನೆತನದಲ್ಲಿ ಇದ್ದ ಕಾಯಿಲೆ, ಪಟ್ಟಣವಾಸ ಇವನ್ನೆಲ್ಲ ಲೆಕ್ಕಕ್ಕೆ ತೆಗೆದುಕೊಂಡ ಮೇಲೂ ಈ ನಂಟು ಅಳಿಯಲಿಲ್ಲ.

ನನ್ನನ್ನು ಹೆಚ್ಚು ಯೋಚನೆಗೆ ಹಚ್ಚಿದ್ದು ಚೀನಾದ ಗುವಾಂಗ್‌ಜೌ ನಗರದ ಒಂದು ಪ್ರಯೋಗ. ಅದು ಕಣ್ಣಿಗೆ ಸಂಬಂಧಿಸಿದ್ದು. ದೂರದ ವಸ್ತು ಮಂಜಾಗಿ ಕಾಣುವ ಸಮೀಪದೃಷ್ಟಿ ದೋಷ ಅಲ್ಲಿನ ಮಕ್ಕಳಲ್ಲಿ ಬಹಳ ಹೆಚ್ಚಿತ್ತು. ಹನ್ನೆರಡು ಶಾಲೆಗಳನ್ನು ಆರಿಸಿ, ಆರರಲ್ಲಿ ಒಂದನೇ ತರಗತಿಯ ಮಕ್ಕಳಿಗೆ ಶಾಲಾ ದಿನಗಳಲ್ಲಿ ನಲವತ್ತು ನಿಮಿಷದ ಒಂದು ತರಗತಿಯನ್ನು ಬಯಲಿನಲ್ಲಿ ಹೆಚ್ಚುವರಿಯಾಗಿ ಇಟ್ಟರು. ಮೂರು ವರ್ಷಗಳಲ್ಲಿ ಉಳಿದ ಶಾಲೆಗಳ ಮಕ್ಕಳಲ್ಲಿ ಶೇಕಡ 39.5ರಷ್ಟು ಮಂದಿಗೆ ದೃಷ್ಟಿದೋಷ ಬಂತು. ಬಯಲಿನ ತರಗತಿ ಸಿಕ್ಕವರಲ್ಲಿ ಅದು ಶೇಕಡ 30.4. 2015ರಲ್ಲಿ ಪ್ರಕಟವಾದ ಈ ಪ್ರಯೋಗದಲ್ಲಿ ಮಕ್ಕಳಿಂದ ಯಾರೂ ಏನನ್ನೂ ಕಿತ್ತುಕೊಳ್ಳಲಿಲ್ಲ. ಅವರಿಗೆ ನಲವತ್ತು ನಿಮಿಷದ ಬೆಳಕು ಕೊಟ್ಟರು.

ನಾವು ಮಾಡುತ್ತಿರುವುದೇನು? ಮಕ್ಕಳು ಆಡುತ್ತಿದ್ದ ಖಾಲಿ ಸೈಟಿನಲ್ಲಿ ಮನೆ ಎದ್ದಿದೆ. ಬೀದಿಯನ್ನು ಕಾರು, ಬೈಕುಗಳಿಗೆ ಬಿಟ್ಟುಕೊಟ್ಟಿದ್ದೇವೆ. ಎಷ್ಟೋ ಪಾರ್ಕುಗಳಲ್ಲಿ ಚೆಂಡಾಟ ಆಡಬಾರದು ಎಂಬ ಬೋರ್ಡು ತೂಗುತ್ತದೆ. ಎಸ್ಸೆಸ್ಸೆಲ್ಸಿ ಬಂತೆಂದರೆ ಆಟದ ಪೀರಿಯಡ್ಡು ಗಣಿತಕ್ಕೋ ವಿಜ್ಞಾನಕ್ಕೋ ಹೋಗುತ್ತದೆ. ಸಂಜೆಯ ಹೊತ್ತು ಟ್ಯೂಷನ್ನಿಗೆ ಸಲ್ಲುತ್ತದೆ.

ಹೆಣ್ಣುಮಕ್ಕಳ ವಿಷಯವಂತೂ ಇನ್ನೂ ಕಠಿಣ. ಹನ್ನೆರಡು ಹದಿಮೂರು ದಾಟುತ್ತಿದ್ದಂತೆ, "ದೊಡ್ಡವಳಾದೆ, ಇನ್ನು ಬೀದಿಯಲ್ಲಿ ಆಡಬೇಡ, ಕತ್ತಲಾಗುವ ಮೊದಲು ಮನೆಗೆ ಬಾ" ಎನ್ನುತ್ತೇವೆ. ತಮ್ಮ ಬ್ಯಾಟು ಹಿಡಿದು ಹೊರಗೆ ಓಡುತ್ತಾನೆ, ಅಕ್ಕ ಕಿಟಕಿಯಲ್ಲಿ ನಿಲ್ಲುತ್ತಾಳೆ. ಅವಳ ಪಾಲಿಗೆ ಗೆಳತಿಯರು, ಹರಟೆ, ನಗು, ಹೊರಲೋಕ ಎಲ್ಲವೂ ಇರುವುದು ಆ ಫೋನಿನೊಳಗೆ ಮಾತ್ರ. ಆಮೇಲೆ ಅದನ್ನೂ ಕಿತ್ತುಕೊಂಡು, "ಯಾವಾಗಲೂ ಮಂಕಾಗಿರುತ್ತಾಳೆ" ಎಂದು ದೂರುತ್ತೇವೆ. ಎರಡೂ ಬಾಗಿಲು ಮುಚ್ಚಿದ ಮೇಲೆ ಆ ಹುಡುಗಿ ಹೋಗುವುದಾದರೂ ಎಲ್ಲಿಗೆ? ಅವಳ ಮನಸ್ಸಿನ ಆರೋಗ್ಯದ ಬಗ್ಗೆ ನಿಜವಾದ ಕಾಳಜಿ ಇದ್ದರೆ, ಅವಳು ನಿರ್ಭಯವಾಗಿ ಸೈಕಲ್ ಹೊಡೆಯಬಲ್ಲ ರಸ್ತೆ, ಆಡಬಲ್ಲ ಮೈದಾನ ನಮ್ಮೂರಿನಲ್ಲಿ ಇದೆಯೇ ಎಂದು ಮೊದಲು ನೋಡಬೇಕು.

ದೊಡ್ಡವರ ಪಾಲು ಇನ್ನೂ ಒಂದಿದೆ. ನಮ್ಮ ಗಡಿಯಾಚೆಯ ಸಾಂಗ್ಲಿ ಜಿಲ್ಲೆಯಲ್ಲಿ ಮೋಹಿತ್ಯಾಂಚೆ ವಡಗಾಂವ್ ಎಂಬ ಹಳ್ಳಿಯಿದೆ. ಅಲ್ಲಿ 2022ರಲ್ಲಿ ಗ್ರಾಮಸ್ಥರೇ ಸೇರಿ ಒಂದು ನಿಯಮ ಮಾಡಿಕೊಂಡರು. ಸಂಜೆ ಏಳು ಗಂಟೆಗೆ ಸೈರನ್ ಮೊಳಗುತ್ತಿತ್ತು. ಅಲ್ಲಿಂದ ಒಂದೂವರೆ ಗಂಟೆ ಊರಿನಲ್ಲಿ ಟಿ.ವಿ., ಮೊಬೈಲ್ ಎರಡೂ ಬಂದ್. ಮಕ್ಕಳು ಓದುತ್ತಿದ್ದರು, ದೊಡ್ಡವರು ಮಾತಿಗೆ ಕೂರುತ್ತಿದ್ದರು. ಈ ನಿಯಮದ ಬಲ ಇದ್ದದ್ದು ಅದು ಎಲ್ಲರಿಗೂ ಒಂದೇ ಆಗಿದ್ದುದರಲ್ಲಿ. ಅಪ್ಪ ಧಾರಾವಾಹಿ ನೋಡುತ್ತಾ, ಅಮ್ಮ ವಾಟ್ಸ್ಆ್ಯಪ್ ನೋಡುತ್ತಾ ಮಗನಿಗೆ ಹೇಳಿದ ಬುದ್ಧಿಮಾತು ನಿಲ್ಲುವುದಿಲ್ಲ.

ಪರದೆ ಮತ್ತು ಪ್ರಕೃತಿ ಒಂದಕ್ಕೊಂದು ಶತ್ರುಗಳೆಂದು ತಿಳಿಯಬೇಕಾಗಿಲ್ಲ. ಪೂರ್ಣಚಂದ್ರ ತೇಜಸ್ವಿಯವರನ್ನು ನೆನೆಯಿರಿ. ಮೂಡಿಗೆರೆಯ ಕಾಡು ಸುತ್ತಿ, ಕೆರೆದಂಡೆಯಲ್ಲಿ ಗಾಳ ಹಾಕಿ ಕೂತು, ಹಕ್ಕಿಗಳ ಚಿತ್ರ ತೆಗೆದವರು ಅವರು. ಕನ್ನಡ ಕಂಪ್ಯೂಟರಿನಲ್ಲಿ ಸಮರ್ಥವಾಗಿ ಬೆಳೆಯಬೇಕು, ನಮ್ಮ ಭಾಷೆಗೆ ಒಳ್ಳೆಯ ತಂತ್ರಾಂಶ ಬೇಕು ಎಂದು ಪಟ್ಟು ಹಿಡಿದವರೂ ಅವರೇ. ತುಂಬಿದ ಹೊರಲೋಕವೊಂದು ಇದ್ದವರಿಗೆ ಯಂತ್ರ ಸೇವಕನಾಗಿಯೇ ಇರುತ್ತದೆ. ಇಂದಿನ ಮಕ್ಕಳಿಗೂ ಅದು ಸಾಧ್ಯ. 1996ರಲ್ಲಿ ಮೈಸೂರಿನಲ್ಲಿ ಹುಟ್ಟಿದ ನೇಚರ್ ಕನ್ಸರ್ವೇಶನ್ ಫೌಂಡೇಶನ್ 'ಸೀಸನ್‌ವಾಚ್' ಎಂಬ ಕಾರ್ಯಕ್ರಮ ನಡೆಸುತ್ತಿದೆ. ಮಗು ತನ್ನ ಶಾಲೆಯ ಅಥವಾ ಮನೆಯ ಹತ್ತಿರದ ಒಂದು ಮರವನ್ನು ಆರಿಸಿಕೊಂಡು ವಾರಕ್ಕೊಮ್ಮೆ ನೋಡಬೇಕು. ಚಿಗುರು ಬಂತೇ, ಹೂ ಬಿಟ್ಟಿತೇ, ಕಾಯಿ ಕಟ್ಟಿತೇ ಎಂದು ಬರೆದು ಕಳಿಸಬೇಕು. ಕಳಿಸುವುದಕ್ಕೆ ಅದೇ ಮೊಬೈಲ್ ಸಾಕು.

ಮನೆಯಲ್ಲಿ ಇಂದೇ ಆಗಬಹುದಾದದ್ದೂ ಇದೆ. ರಾತ್ರಿ ಎಲ್ಲರ ಫೋನೂ ಮಲಗುವ ಕೋಣೆಯ ಹೊರಗೆ ಚಾರ್ಜಿಗೆ ಇರಲಿ. ಇಂಗ್ಲೆಂಡಿನಲ್ಲಿ ಸುಮಾರು ಇಪ್ಪತ್ತು ಸಾವಿರ ಜನರನ್ನು ಕುರಿತ 2019ರ ಅಧ್ಯಯನವೊಂದರಲ್ಲಿ, ವಾರಕ್ಕೆ ಒಟ್ಟು ಎರಡು ಗಂಟೆಯಾದರೂ ಪ್ರಕೃತಿಯ ನಡುವೆ ಕಳೆದವರು ಹೆಚ್ಚು ಆರೋಗ್ಯ, ಹೆಚ್ಚು ನೆಮ್ಮದಿ ಇದೆ ಎಂದು ಹೇಳಿಕೊಂಡಿದ್ದರು. ಒಂದೇ ದಿನ ಹೋಗಲಿ, ಹಂಚಿಕೊಂಡು ಹೋಗಲಿ, ವ್ಯತ್ಯಾಸವಿರಲಿಲ್ಲ. ಎರಡು ಗಂಟೆ ನಮಗೆ ಹೊರೆಯಾಗಲಾರದು. ಹತ್ತಿರದ ಕೆರೆಯ ಏರಿ, ಗುಡ್ಡ, ಹೊಲ, ಪಾರ್ಕು, ಯಾವುದಾದರೂ ಸರಿ, ಮಕ್ಕಳ ಜೊತೆಗೇ ಹೋಗೋಣ.

ಒಂದು ಎಚ್ಚರಿಕೆಯ ಮಾತು. ಮಗು ಎರಡು ವಾರ ದಾಟಿದರೂ ಮಂಕಾಗಿಯೇ ಇದ್ದರೆ, ಊಟ ನಿದ್ದೆ ಕೆಟ್ಟರೆ, ಬದುಕು ಬೇಡ ಎಂಬಂಥ ಮಾತು ಒಮ್ಮೆ ಬಾಯಿಂದ ಬಂದರೂ, ಅದಕ್ಕೆ ಬರೀ ವಾಯುವಿಹಾರ ಮದ್ದಲ್ಲ. ಆಗ ತಡಮಾಡದೆ 14416ಕ್ಕೆ ಕರೆ ಮಾಡಿ. ಅದು ಕೇಂದ್ರ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ. 2022ರ ಅಕ್ಟೋಬರಿನಲ್ಲಿ ಆರಂಭವಾದ ಈ ಸೇವೆ ದಿನದ ಇಪ್ಪತ್ನಾಲ್ಕು ಗಂಟೆಯೂ ಉಚಿತವಾಗಿ ಸಿಗುತ್ತದೆ, ಕನ್ನಡದಲ್ಲೇ ಮಾತನಾಡಬಹುದು.

ಕೊನೆಯದಾಗಿ ಒಂದು ವಿನಂತಿ. ನಮ್ಮ ರಾಜ್ಯದ ಗ್ರಾಮ ಪಂಚಾಯಿತಿಗಳಲ್ಲಿ ಮಕ್ಕಳ ಗ್ರಾಮಸಭೆ ನಡೆಯುತ್ತದೆ. ಮಕ್ಕಳೇ ಎದ್ದು ನಿಂತು ತಮಗೆ ಬೇಕಾದದ್ದನ್ನು ಕೇಳುವ ಸಭೆ ಅದು. ನಿಮ್ಮ ಊರಿನ ಸಭೆಗೆ ನಿಮ್ಮ ಮಕ್ಕಳನ್ನು, ಅದರಲ್ಲೂ ಹೆಣ್ಣುಮಕ್ಕಳನ್ನು, ಕಳಿಸಿ. ನೀವೂ ಹೋಗಿ ಹಿಂದಿನ ಸಾಲಿನಲ್ಲಿ ಕುಳಿತು ಕೇಳಿ. ಮೈದಾನ ಬೇಕು, ನೆರಳು ಬೇಕು, ಸಂಜೆ ದೀಪವಿರುವ ರಸ್ತೆ ಬೇಕು ಎಂದು ಅವರು ಕೇಳಿದರೆ, ಅದು ಆಗುವವರೆಗೂ ಅವರ ಬೆನ್ನಿಗೆ ನಿಲ್ಲಿ. ಪಟ್ಟಣದಲ್ಲಿರುವವರು ತಮ್ಮ ನಗರಸಭೆಯ ಬಾಗಿಲು ತಟ್ಟಲಿ. ಮಕ್ಕಳ ಮನಸ್ಸು ಅರಳಬೇಕಾದರೆ ಊರಿನ ನಕ್ಷೆಯಲ್ಲಿ ಅವರಿಗೂ ಒಂದಿಷ್ಟು ಜಾಗ ಇರಬೇಕು. ಆ ಜಾಗ ಬಿಟ್ಟುಕೊಡುವುದು ದೊಡ್ಡವರಾದ ನಮ್ಮ ಹೊಣೆ.