ಬಡ್ಡಿಯಿಲ್ಲದ ಊರು

ಹರಪನಹಳ್ಳಿ ತಾಲ್ಲೂಕಿನ ತೆಲಿಗಿಯಿಂದ ಬೆಂಗಳೂರಿಗೆ ದುಡಿಯಲು ಹೋದ ಹುಡುಗನಿಗೆ ಸಂಜೆ ಕೋಣೆಯಲ್ಲಿ ಕಾಡುವ ಒಂಟಿತನ ಜಪಾನಿನ ಕತ್ಸುಯಾ ಎಗುಚಿ ಅವರನ್ನೂ ಕಾಡಿತ್ತು. ಚಿಬಾದ ಮನೆಮಂದಿಯನ್ನು ಬಿಟ್ಟು, ನಿಂಟೆಂಡೊ ಕಂಪನಿ ಸೇರಲು ಕ್ಯೋಟೊಗೆ ಬಂದವರು ಅವರು. ಆ ಒಂಟಿತನದಿಂದಲೇ ಹುಟ್ಟಿದ ವಿಡಿಯೊ ಗೇಮ್ 2001ರ ಏಪ್ರಿಲ್‌ನಲ್ಲಿ ನಿಂಟೆಂಡೊ 64 ಎಂಬ ಗೇಮ್ ಯಂತ್ರಕ್ಕೆ ಬಂತು. ಅದೇ ವರ್ಷ ಡಿಸೆಂಬರ್‌ನಲ್ಲಿ, ಮ್ಯೂಸಿಯಂ, ದರ್ಜಿ ಅಂಗಡಿಗಳನ್ನೂ ಸೇರಿಸಿಕೊಂಡು ಗೇಮ್‌ಕ್ಯೂಬ್ ಯಂತ್ರಕ್ಕೂ ಬಂತು. ಹೊರದೇಶಗಳಲ್ಲಿ ಅದರ ಹೆಸರು ‘ಅನಿಮಲ್ ಕ್ರಾಸಿಂಗ್’.

ಈ ಆಟದಲ್ಲಿ ಗೆಲ್ಲುವುದೂ ಇಲ್ಲ, ಸೋಲುವುದೂ ಇಲ್ಲ. ಮೀನು ಹಿಡಿಯಬಹುದು, ಮರ ಅಲುಗಿಸಿ ಹಣ್ಣು ಉದುರಿಸಬಹುದು, ನೆರೆಯವರ ಜೊತೆ ಹರಟಬಹುದು. ಗಡಿಯಾರ ನಮ್ಮದೇ: ಇಲ್ಲಿ ರಾತ್ರಿಯಾದರೆ ಅಲ್ಲಿಯೂ ರಾತ್ರಿ, ಅಂಗಡಿ ಬಂದ್. ಕೆಲವು ವಾರ ಆ ಕಡೆ ಸುಳಿಯದಿದ್ದರೆ ಊರ ತುಂಬ ಕಳೆ. ಎದುರಾದವರು ಇಷ್ಟು ದಿನ ಎಲ್ಲಿ ಹೋಗಿದ್ದೆ ಎಂದು ಕೇಳದೆ ಬಿಡುವುದಿಲ್ಲ. ಇದಂತೂ ಅಪ್ಪಟ ನಮ್ಮೂರ ಕಟ್ಟೆಯ ಸ್ವಭಾವ.

ಒಂದನ್ನು ಮಾತ್ರ ನಾನು ಒಪ್ಪಲಾರೆ. ಅಲ್ಲಿನ ಅಂಗಡಿಕಾರ ಟಾಮ್ ನೂಕ್ ಮನೆಗೆ ಸಾಲ ಕೊಡುತ್ತಾನೆ. ಬಡ್ಡಿ ಇಲ್ಲ, ವಾಯಿದೆ ಇಲ್ಲ! ಮೆಕ್ಕೆಜೋಳದ ಬೀಜ, ಗೊಬ್ಬರಕ್ಕೆಂದು ಸಾಲ ತಂದು ಮುಗಿಲು ನೋಡುವ ರೈತರಿಗೆ ಇದನ್ನು ಹಳ್ಳಿಯ ಬದುಕು ಎಂದು ತೋರಿಸಿದರೆ ನಕ್ಕಾರು. ಮಕ್ಕಳು ಆಡಲಿ ಬಿಡಿ. ಟಾಮ್ ನೂಕ್‌ನ ವಿಳಾಸವನ್ನು ಅಪ್ಪಂದಿರೇ ಮೊದಲು ಕೇಳಬಹುದು.